ಕರುಳನ್ನು ಲೇಸರ್‌ನಿಂದ ಬೆಸೆಯಬಹುದೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ಓಡಾಡುವಾಗ ‘ಲೇಸರ್ ಆಪರೇಷನ್’ ಎಂಬ ಫಲಕ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಮನೆಯಲ್ಲಿ ಯಾರಿಗಾದರೂ ಕರುಳಿನ ಶಸ್ತ್ರಚಿಕಿತ್ಸೆ ಆಗಬೇಕಿದ್ದರೆ, ‘ಹೊಲಿಗೆ ಇಲ್ಲದೆ ಲೇಸರ್‌ನಲ್ಲೇ ಮಾಡಿಸಬಹುದಲ್ಲವೇ?’ ಎಂಬ ಪ್ರಶ್ನೆ ಸಹಜ.

ಲೇಸರ್ ಬೆಸುಗೆ ಎಂದರೇನು?

ಕರುಳಿನ ಗಡ್ಡೆ ಅಥವಾ ಕೊಳೆತ ಭಾಗವನ್ನು ತೆಗೆದ ಮೇಲೆ ಉಳಿದ ಎರಡು ತುದಿಗಳನ್ನು ಜೋಡಿಸಬೇಕು. ಲೇಸರ್ ಬೆಸುಗೆಯಲ್ಲಿ ಆ ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಹದವಾಗಿ ಬಿಸಿ ಮಾಡುತ್ತಾರೆ. ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅಂಗಾಂಶದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಸಡಿಲಗೊಂಡು, ತಣಿಯುವಾಗ ಪರಸ್ಪರ ಅಂಟಿಕೊಳ್ಳುತ್ತವೆ. ಕೆಲವು ಪ್ರಯೋಗಗಳಲ್ಲಿ ಅಲ್ಬುಮಿನ್ ಪ್ರೋಟೀನನ್ನು ಅಂಟಿನಂತೆ ಹಚ್ಚುವುದೂ ಉಂಟು.

ಹಾಗಿದ್ದರೆ ಏಕೆ ಬಳಸುತ್ತಿಲ್ಲ?

1979ರಲ್ಲಿ ಇಲಿಗಳ ಸಣ್ಣ ರಕ್ತನಾಳಗಳನ್ನು ಲೇಸರ್‌ನಿಂದ ಬೆಸೆದ ವರದಿ ಬಂತು. ನಂತರ ಪ್ರಾಣಿಗಳ ಕರುಳಿನ ಮೇಲೂ ಪ್ರಯೋಗಗಳು ನಡೆದವು. ಆದರೆ ಶಾಖ ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ. ಹೆಚ್ಚಾದರೆ ಅಂಚು ಸುಟ್ಟುಹೋಗುತ್ತದೆ. ಆದ್ದರಿಂದ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಆಸ್ಪತ್ರೆಗಳಲ್ಲಿ ಕರುಳನ್ನು ಜೋಡಿಸುವುದು ಹೊಲಿಗೆಯಿಂದ ಅಥವಾ ಸ್ಟೇಪ್ಲರ್‌ನಿಂದ. ಮೂಲವ್ಯಾಧಿ, ಫಿಸ್ಟುಲಾಗಳಿಗೆ ಮಾಡುವ ಲೇಸರ್ ಚಿಕಿತ್ಸೆಯೇ ಬೇರೆ. ಅಲ್ಲಿ ಶಾಖದಿಂದ ಗಂಟನ್ನು ಕುಗ್ಗಿಸುತ್ತಾರೆ ಅಥವಾ ನಾಳವನ್ನು ಮುಚ್ಚುತ್ತಾರೆ; ಕತ್ತರಿಸಿದ ಕರುಳನ್ನು ಜೋಡಿಸುವುದಿಲ್ಲ.

ಆಪರೇಷನ್‌ಗೆ ಮುಂಚೆ ಏನು ಕೇಳಬೇಕು?

• ಕರುಳನ್ನು ಹೇಗೆ ಜೋಡಿಸುತ್ತೀರಿ?
• ‘ಲೇಸರ್’ ಎಂದರೆ ಅದನ್ನು ಯಾವ ಕೆಲಸಕ್ಕೆ ಬಳಸುತ್ತೀರಿ?
• ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಮಲದ ಚೀಲ ಬೇಕಾಗಬಹುದೇ?

ಬೀಡಿ, ಸಿಗರೇಟು ನಿಲ್ಲಿಸಿ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಇವೆಲ್ಲ ಗಾಯ ಮಾಯುವುದರ ಮೇಲೆ ಪರಿಣಾಮ ಬೀರುತ್ತವೆ.

ಮನೆಗೆ ಬಂದ ಮೇಲೆ ಗಮನಿಸಿ

ಯಾವ ವಿಧಾನದಲ್ಲಿ ಜೋಡಿಸಿದರೂ ಆ ಜಾಗದಲ್ಲಿ ಸೋರುವ ಅಪಾಯವಿದೆ. ಇದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸುತ್ತದೆ. ಜ್ವರ, ಚಳಿ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ಎದೆಬಡಿತ ಜೋರಾಗುವುದು, ಗಾಯದಿಂದ ಕೀವು ಅಥವಾ ಮಲದಂಥ ದ್ರವ ಬರುವುದು ಇದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ‘ಗ್ಯಾಸ್ ಇರಬೇಕು’ ಎಂದು ಬೆಳಗಿನವರೆಗೆ ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೆ ಕೂಡಲೇ ಹೋಗಿ. ತುರ್ತಾಗಿ ಆಂಬುಲೆನ್ಸ್ ಬೇಕಾದರೆ 108ಕ್ಕೆ ಕರೆಮಾಡಿ. ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ. ರೋಗಿಗೆ ಮರಾಠಿ, ಹಿಂದಿ ಸಲೀಸಾಗಿ ಬಾರದಿದ್ದರೆ, ತೊಂದರೆ ಯಾವಾಗ ಶುರುವಾಯಿತು ಎಂದು ವಿವರಿಸಬಲ್ಲವರೊಬ್ಬರು ಜೊತೆಗೆ ಹೋಗಿ.