ರೂಟಿಂಗ್ ಪುಸ್ತಕಗಳ ಗುಣ ನೋಡುವ ಬಗೆ: ನಾಲ್ಕು ದಶಕಗಳ ದಾರಿ

ಕಂಪ್ಯೂಟರ್ ನೆಟ್‌ವರ್ಕ್‌ಗಳ ರೂಟಿಂಗ್ ಬಗ್ಗೆ ಬರೆದ ಪುಸ್ತಕವೊಂದು ಕೈಗೆ ಬಂದರೆ ನಾನು ಮೊದಲು ತೆರೆಯುವುದು ಲಿಂಕ್ ಸ್ಟೇಟ್ ಅಧ್ಯಾಯವನ್ನು, ಅದರಲ್ಲೂ ಸೀಕ್ವೆನ್ಸ್ ನಂಬರಿನ ವಿಷಯ ಬರುವ ಪುಟವನ್ನು. ಈ ಪದ್ಧತಿಯಲ್ಲಿ ಪ್ರತಿಯೊಂದು ರೂಟರೂ ತನಗೆ ಯಾರು ಯಾರು ನೆರೆಯವರು, ಅವರವರೆಗಿನ ಲಿಂಕಿನ ವೆಚ್ಚ ಎಷ್ಟು ಎಂಬುದನ್ನು ಸಣ್ಣ ಸಂದೇಶವಾಗಿ ಕಟ್ಟಿ ನೆಟ್‌ವರ್ಕ್ ತುಂಬ ಹರಡುತ್ತದೆ. ಒಂದೇ ರೂಟರಿನಿಂದ ಹೊರಟ ಎರಡು ಸಂದೇಶ ಸಿಕ್ಕಾಗ ಹೊಸದು ಯಾವುದು, ಹಳೆಯದು ಯಾವುದು ಎಂದು ಗೊತ್ತಾಗಬೇಕಲ್ಲ? ಅದಕ್ಕಾಗಿ ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ. ಬಹುಪಾಲು ಪುಸ್ತಕಗಳು ಇಷ್ಟು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಒಳ್ಳೆಯ ಪುಸ್ತಕ ಅಲ್ಲಿ ನಿಂತು 1980ರ ಅಕ್ಟೋಬರ್ 27ರಂದು ನಡೆದದ್ದನ್ನು ಹೇಳುತ್ತದೆ.

ಅಂದು ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್ ಗಂಟೆಗಟ್ಟಲೆ ನಿಂತುಹೋಯಿತು. ಅದರ ಕ್ರಮಸಂಖ್ಯೆ ಆರು ಬಿಟ್‌ಗಳದ್ದು, 0ಯಿಂದ 63ರವರೆಗೆ ಎಣಿಸಿ ಮತ್ತೆ 0ಗೆ ಬರುವಂಥದ್ದು. ಸಂಖ್ಯೆ ಸುತ್ತು ಹಾಕುವುದರಿಂದ ಎರಡು ಸಂಖ್ಯೆಗಳ ನಡುವಿನ ಅಂತರ 32ರ ಒಳಗಿದ್ದರೆ ದೊಡ್ಡದು ಹೊಸದು, ಮೀರಿದರೆ ಚಿಕ್ಕದು ಹೊಸದು ಎಂಬ ನಿಯಮವಿತ್ತು. ಕೆಟ್ಟ ಹಾರ್ಡ್‌ವೇರ್‌ನಿಂದ ಬಿಟ್‌ಗಳು ಉದುರಿ ಒಂದೇ ನೋಡ್‌ನ ಹೆಸರಿನಲ್ಲಿ 44, 40, 8 ಎಂಬ ಮೂರು ಸಂಖ್ಯೆಯ ಸಂದೇಶಗಳು ಹುಟ್ಟಿಕೊಂಡವು. ಬೈನರಿಯಲ್ಲಿ ಬರೆದು ನೋಡಿ: 101100, 101000, 001000. ಮೊದಲನೆಯದರ ಮುಂದಿನ ಒಂದೊಂದರಲ್ಲೂ ಇನ್ನೊಂದು ಬಿಟ್ ಕಾಣೆ. ನಿಯಮದ ಪ್ರಕಾರ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, 44ಕ್ಕಿಂತ 8 ಹೊಸದು! ಹಾಗಾಗಿ ಯಾವುದೂ ಹಳತಾಗಲಿಲ್ಲ. ಪ್ರತಿ ನೋಡೂ ಮೂರನ್ನೂ ಹೊಸದೆಂದೇ ಸ್ವೀಕರಿಸಿ ಸುತ್ತಲಿನವರಿಗೆ ಹಂಚುತ್ತಲೇ ಹೋಯಿತು, ಬೇರೆ ಕೆಲಸಕ್ಕೆ ಪುರುಸೊತ್ತೇ ಉಳಿಯಲಿಲ್ಲ. ಯಾವುದಾದರೂ ನೋಡನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ನೆರೆಯವು ಅದೇ ಮೂರು ಸಂದೇಶಗಳನ್ನು ಪುನಃ ತುಂಬುತ್ತಿದ್ದವು. ಕೊನೆಗೆ ಆ ನೋಡ್‌ನ ಹೆಸರಿನ ಸಂದೇಶಗಳನ್ನು ಕಡೆಗಣಿಸುವಂತೆ ಉಳಿದವುಗಳ ತಂತ್ರಾಂಶವನ್ನೇ ತಿದ್ದಬೇಕಾಯಿತು. ಎರಿಕ್ ರೋಸೆನ್ 1981ರಲ್ಲಿ, ಇಂಟರ್‌ನೆಟ್ ತಾಂತ್ರಿಕ ದಾಖಲೆಗಳ ಸರಣಿಯ ಆರ್‌ಎಫ್‌ಸಿ 789ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು.

ಇಂದಿನ ಲಿಂಕ್ ಸ್ಟೇಟ್ ಪ್ರೋಟೋಕಾಲ್ ಆದ ಒಎಸ್‌ಪಿಎಫ್‌ನಲ್ಲಿ ಕ್ರಮಸಂಖ್ಯೆ 32 ಬಿಟ್‌ಗಳದ್ದು, ಸುತ್ತು ಹಾಕುವುದಿಲ್ಲ. ಕೊನೆಯ ಸಂಖ್ಯೆ ಮುಟ್ಟಿದರೆ ಹಳೆಯ ದಾಖಲೆಯನ್ನು ವಯಸ್ಸು ಮುಗಿದದ್ದೆಂದು ಸಾರಿ, ಎಲ್ಲೆಡೆ ಅಳಿಸಿ, ಮೊದಲಿನಿಂದ ಶುರು ಮಾಡಬೇಕು. ದಾಖಲೆಯ ಗರಿಷ್ಠ ವಯಸ್ಸು 3600 ಸೆಕೆಂಡು. ಈ ನಿಯಮಗಳನ್ನು ಬರೇ ನಿಯಮಗಳಾಗಿ ಓದಿದ ವಿದ್ಯಾರ್ಥಿ ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾನೆ. 44, 40, 8ರ ಕಥೆಯ ಜೊತೆಗೆ ಓದಿದವನಿಗೆ ಒಂದೊಂದು ನಿಯಮವೂ ಏಕೆ ಬಂತೆಂದು ತಿಳಿದಿರುತ್ತದೆ. ರೂಟಿಂಗ್ ಪುಸ್ತಕವೊಂದರ ಬೆಲೆ ಇರುವುದು ಇಲ್ಲೇ ಎಂದು ನಾನು ದೃಢವಾಗಿ ನಂಬುತ್ತೇನೆ. ಪ್ರೋಟೋಕಾಲ್ ಎಲ್ಲಿ ಮುರಿದುಬೀಳುತ್ತದೆ ಎಂದು ತೋರಿಸಬೇಕು, ತೋರಿಸಿದ್ದನ್ನು ಓದುಗ ತಾನೇ ಪರೀಕ್ಷಿಸಿ ನೋಡುವಂತಿರಬೇಕು.

ಈ ಅಳತೆಗೋಲು ಮೊದಲಿನಿಂದ ಇದ್ದದ್ದಲ್ಲ. ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರ 'ಕಂಪ್ಯೂಟರ್ ನೆಟ್‌ವರ್ಕ್ಸ್' 1981ರಲ್ಲಿ ಬಂದಾಗ ರೂಟಿಂಗ್ ಎಂದರೆ ದೊಡ್ಡ ಪುಸ್ತಕದೊಳಗಿನ ಒಂದು ಭಾಗ. 1988ರಲ್ಲಿ ಬಂದ ಡಗ್ಲಸ್ ಕೋಮರ್ ಅವರ 'ಇಂಟರ್‌ನೆಟ್‌ವರ್ಕಿಂಗ್ ವಿತ್ ಟಿಸಿಪಿ/ಐಪಿ'ಯಲ್ಲೂ ಅಷ್ಟೇ. ಆಗ ಪುಸ್ತಕದಿಂದ ಓದುಗರು ಬಯಸುತ್ತಿದ್ದದ್ದು ಚದುರಿಹೋದ ದಾಖಲೆಗಳನ್ನು ಒಂದೆಡೆ ತಂದು ತಿಳಿಯಾಗಿ ಹೇಳುವುದನ್ನು. ಆರ್‌ಐಪಿ ಎಂಬ ಪ್ರೋಟೋಕಾಲ್ ಬರ್ಕ್ಲಿ ಯುನಿಕ್ಸ್‌ನಲ್ಲಿ ವರ್ಷಗಟ್ಟಲೆ ಓಡಿದ ಮೇಲೆ, 1988ರಲ್ಲಿ ಚಾರ್ಲ್ಸ್ ಹೆಡ್ರಿಕ್ ಅದನ್ನು ಆರ್‌ಎಫ್‌ಸಿ 1058 ಆಗಿ ಬರೆದಿಟ್ಟರು. ಅಂದರೆ ಕೋಡ್ ಮೊದಲು, ವಿವರಣೆ ಆಮೇಲೆ. ಅಂಥ ಕಾಲದಲ್ಲಿ ಇರುವುದನ್ನು ತಪ್ಪಿಲ್ಲದೆ ಹೇಳಿದರೂ ಅದು ದೊಡ್ಡ ಉಪಕಾರವೇ.

ಆದರೂ ಆ ಕಾಲದ ವಿಷಯದಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ. ಆರ್‌ಐಪಿಯಂಥ ಡಿಸ್ಟೆನ್ಸ್ ವೆಕ್ಟರ್ ಪದ್ಧತಿಯಲ್ಲಿ ಒಂದು ದಾರಿ ಕಡಿದಾಗ ರೂಟರ್‌ಗಳು ಪರಸ್ಪರರ ಹಳೆಯ ಮಾತು ನಂಬಿಕೊಂಡು ದೂರವನ್ನು ಒಂದೊಂದಾಗಿ ಏರಿಸುತ್ತ ಹೋಗುವ ರೋಗವಿದೆ. 16 ಎಂದರೆ ಅನಂತ ಎಂದು ಗೆರೆ ಎಳೆದಿರುವುದು ಅದಕ್ಕೇ. ಮದ್ದಾಗಿ 'ಸ್ಪ್ಲಿಟ್ ಹೊರೈಜನ್' ಎಂಬ ಉಪಾಯ ಬಂತು: ಯಾರಿಂದ ದಾರಿ ಕಲಿತೆಯೋ ಅವರಿಗೇ ಆ ದಾರಿಯನ್ನು ಹೇಳಬೇಡ. ಅನೇಕ ಪಠ್ಯಗಳು ಇದರಿಂದ ರೋಗ ವಾಸಿಯಾಯಿತು ಎಂದು ಬರೆದು ಅಧ್ಯಾಯ ಮುಗಿಸುತ್ತವೆ. ವಾಸ್ತವವಾಗಿ ಅದು ಇಬ್ಬರ ನಡುವಿನ ಸುತ್ತನ್ನು ಮಾತ್ರ ತಡೆಯುತ್ತದೆ. ಕಾಗದದ ಮೇಲೆ ಅ, ಬ, ಕ ಎಂಬ ಮೂರು ರೂಟರ್‌ಗಳನ್ನು ತ್ರಿಕೋನವಾಗಿ ಜೋಡಿಸಿ, ಕ ಒಂದರ ಆಚೆಗೆ ಗುರಿಯನ್ನಿಡಿ. ಗುರಿಯ ಲಿಂಕ್ ಕಡಿಯಿತು. ಸುದ್ದಿ ಅ ಬಳಿಗೆ ಬಂತು, ಬ ಬಳಿಗೆ ಇನ್ನೂ ಬಂದಿಲ್ಲ. ಬ ತನ್ನ ಹಳೆಯ ದಾರಿಯನ್ನು ಅ ಒಂದಕ್ಕೆ ಹೇಳುತ್ತದೆ; ಅದನ್ನು ಕಲಿತದ್ದು ಕ ಕಡೆಯಿಂದಾದ್ದರಿಂದ ಹೇಳಲು ಅಡ್ಡಿಯಿಲ್ಲ. ಅ ಅದನ್ನು ನಂಬಿ ಕ ಒಂದಕ್ಕೆ ದಾಟಿಸುತ್ತದೆ. ಸುತ್ತು ಶುರು. ಆರ್‌ಎಫ್‌ಸಿ 1058 ಸ್ವತಃ ಈ ಮಿತಿಯನ್ನು ಒಪ್ಪಿಕೊಂಡಿದೆ. ಮೂಲ ದಾಖಲೆ ಒಪ್ಪಿಕೊಂಡದ್ದನ್ನು ಪಠ್ಯಪುಸ್ತಕ ಮರೆಮಾಚಿದರೆ ಅದರ ಉಳಿದ ಪುಟಗಳನ್ನು ನಂಬುವುದು ಹೇಗೆ?

1992ರಲ್ಲಿ ರಾಡಿಯಾ ಪರ್ಲ್‌ಮನ್ ಅವರ 'ಇಂಟರ್‌ಕನೆಕ್ಷನ್ಸ್' ಬಂತು, ಅಲ್ಲಿಗೆ ಈ ಬಗೆಯ ಬರವಣಿಗೆಯ ಮಟ್ಟವೇ ಬದಲಾಯಿತು. ಅವರು ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ರೂಪಿಸಿದವರು, ಲಿಂಕ್ ಸ್ಟೇಟ್ ರೂಟಿಂಗ್ ಕೆಡದಂತೆ ಗಟ್ಟಿ ಮಾಡಿದವರು. ಆರ್ಪಾನೆಟ್ಟಿನ ಆ ದಿನದ ಕಥೆ ಅವರ ಪುಸ್ತಕದಿಂದಲೇ ಹೆಚ್ಚು ಜನಕ್ಕೆ ತಲುಪಿತು. ಎರಡು ವಿನ್ಯಾಸಗಳನ್ನು ಎದುರುಬದುರು ಇಟ್ಟು, ಇದು ಸರಿ, ಇದು ಸರಿಯಲ್ಲ, ಕಾರಣ ಇಂತಿಂಥದು ಎಂದು ಅವರು ನೇರವಾಗಿ ಬರೆಯುತ್ತಾರೆ. ಸ್ಟ್ಯಾಂಡರ್ಡ್ ಆಗಿಬಿಟ್ಟಿದೆ ಎಂಬ ಕಾರಣಕ್ಕೆ ಯಾವುದನ್ನೂ ಹೊಗಳುವುದಿಲ್ಲ. 1999ರ ಎರಡನೇ ಆವೃತ್ತಿಯ ಕೊನೆಗೆ ಪ್ರೋಟೋಕಾಲ್ ವಿನ್ಯಾಸದ ಅನುಭವಗಳನ್ನೇ ಒಂದು ಅಧ್ಯಾಯವಾಗಿ ಕೂಡಿಸಿದ್ದಾರೆ. ಇಂದಿಗೂ ಅದಕ್ಕೆ ಸಮನಾದದ್ದನ್ನು ನಾನು ಓದಿಲ್ಲ.

ಎರಡು ವರ್ಷದ ನಂತರ, 1994ರಲ್ಲಿ, ರಿಚರ್ಡ್ ಸ್ಟೀವನ್ಸ್ ಅವರ 'ಟಿಸಿಪಿ/ಐಪಿ ಇಲಸ್ಟ್ರೇಟೆಡ್' ಮೊದಲ ಸಂಪುಟ ಇನ್ನೊಂದು ದಾರಿ ತೆರೆಯಿತು. ಅವರು ಸಣ್ಣದೊಂದು ನೆಟ್‌ವರ್ಕ್ ಕಟ್ಟಿ, ಅದರ ನಕ್ಷೆಯನ್ನು ರಟ್ಟಿನ ಒಳಬದಿಯಲ್ಲೇ ಅಚ್ಚು ಹಾಕಿಸಿ, ಅದರಲ್ಲಿ ಓಡಾಡಿದ ಪ್ಯಾಕೆಟ್‌ಗಳನ್ನು ಟಿಸಿಪಿಡಂಪ್‌ನಲ್ಲಿ ಹಿಡಿದು ಸಾಲು ಸಾಲಾಗಿ ಮುದ್ರಿಸಿದರು. ಪುಸ್ತಕದ ಮಾತಿಗೆ ಪ್ಯಾಕೆಟ್ಟೇ ಸಾಕ್ಷಿ. ಸಂಶಯ ಬಂದವರು ತಮ್ಮ ಯಂತ್ರದಲ್ಲೂ ಅದೇ ಆಜ್ಞೆ ಕೊಟ್ಟು ನೋಡಬಹುದಿತ್ತು. ರೂಟಿಂಗ್‌ಗೆ ಅದರಲ್ಲಿ ಸಿಕ್ಕ ಜಾಗ ಕಡಿಮೆ. ಆದರೆ ತೋರಿಸಿ ಹೇಳು ಎಂಬ ಪದ್ಧತಿ ಆಮೇಲೆ ಬಂದ ಅನೇಕ ರೂಟಿಂಗ್ ಪುಸ್ತಕಗಳ ಮೇಲೂ ಪ್ರಭಾವ ಬೀರಿತು.

1990ರ ದಶಕದ ಉಳಿದ ಭಾಗವನ್ನು ಸುಗ್ಗಿಯೆನ್ನಬೇಕು. 1995ರಲ್ಲಿ ಕ್ರಿಶ್ಚಿಯನ್ ಹುಯಿತೆಮಾ ಅವರ 'ರೂಟಿಂಗ್ ಇನ್ ದಿ ಇಂಟರ್‌ನೆಟ್', 1997ರಲ್ಲಿ ಬಸ್ಸಾಮ್ ಹಲಬಿ ಅವರ 'ಇಂಟರ್‌ನೆಟ್ ರೂಟಿಂಗ್ ಆರ್ಕಿಟೆಕ್ಚರ್ಸ್', 1998ರಲ್ಲಿ ಜಾನ್ ಮಾಯ್ ಅವರ ಒಎಸ್‌ಪಿಎಫ್ ಪುಸ್ತಕ, ಅದೇ ವರ್ಷ ಜೆಫ್ ಡಾಯ್ಲ್ ಅವರ 'ರೂಟಿಂಗ್ ಟಿಸಿಪಿ/ಐಪಿ'. ಮಾಯ್ ಒಎಸ್‌ಪಿಎಫ್ ಸ್ಟ್ಯಾಂಡರ್ಡ್ ಬರೆದವರೇ. 2000ದಲ್ಲಿ ಇಡೀ ಪ್ರೋಟೋಕಾಲಿನ ಕೋಡನ್ನೂ ವಿವರಣೆಯೊಂದಿಗೆ ಇನ್ನೊಂದು ಪುಸ್ತಕವಾಗಿ ಕೊಟ್ಟರು. ಹೇಳಿದ್ದನ್ನು ಪರೀಕ್ಷಿಸಲು ಓದುಗನಿಗೆ ಇದಕ್ಕಿಂತ ಹೆಚ್ಚಿನ ಅವಕಾಶ ಇನ್ನೇನು ಬೇಕು?

ಇದೇ ಹೊತ್ತಿಗೆ ಸರ್ಟಿಫಿಕೇಷನ್ ಪುಸ್ತಕಗಳ ಪ್ರವಾಹ ಶುರುವಾಯಿತು. ಸಿಸ್ಕೋದ ಸಿಸಿಐಇ ಪರೀಕ್ಷೆ 1993ರಲ್ಲಿ, ಸಿಸಿಎನ್‌ಎ 1998ರಲ್ಲಿ ಆರಂಭವಾದವು. ಪುಸ್ತಕಗಳು ದಪ್ಪಗಾದವು, ಪುಟ ಪುಟವೂ ಆಜ್ಞೆಗಳಿಂದ, ಪರದೆಯ ಮೇಲಿನ ಉತ್ತರಗಳಿಂದ ತುಂಬಿತು. ಇವನ್ನು ಕೀಳಾಗಿ ಕಾಣುವುದು ನ್ಯಾಯವಲ್ಲ. ಕೆಲಸ ಕಲಿಯಬೇಕಾದವರಿಗೆ ಕೈಹಿಡಿದು ದಾರಿ ತೋರಿಸಿದವು ಇವೇ, ಬೆಂಗಳೂರಿನ ಸಾವಿರಾರು ನೆಟ್‌ವರ್ಕ್ ಎಂಜಿನಿಯರ್‌ಗಳ ಅನ್ನದ ದಾರಿಯೂ ಇವೇ ಆದವು. ಡಾಯ್ಲ್ ಅವರ ಪುಸ್ತಕ ಹುಟ್ಟಿದ್ದೂ ಈ ವರ್ಗದಲ್ಲೇ. ಅದು ಮೊದಲು ಪ್ರೋಟೋಕಾಲಿನ ತರ್ಕ ಹೇಳುತ್ತದೆ, ಆಮೇಲೆ ಆಜ್ಞೆ ಕೊಡುತ್ತದೆ, ಕೊನೆಗೆ ಕೆಟ್ಟ ನೆಟ್‌ವರ್ಕ್ ಒಂದನ್ನು ಮುಂದಿಟ್ಟು ದೋಷ ಹುಡುಕಿಸುತ್ತದೆ. ತೊಂದರೆ ಬರುವುದು ಪರೀಕ್ಷೆಯ ಉತ್ತರವೇ ಸತ್ಯವಾಗಿಬಿಟ್ಟಾಗ. ಸಿಸ್ಕೋದ ಇಐಜಿಆರ್‌ಪಿಯನ್ನು ಎಷ್ಟೋ ಗೈಡ್‌ಗಳು 'ಹೈಬ್ರಿಡ್' ಪ್ರೋಟೋಕಾಲ್ ಎಂದು ಕಲಿಸಿದವು. ಅದರ ಒಳಗಿರುವುದು ಗಾರ್ಸಿಯಾ-ಲೂನಾ-ಅಸೆವೆಸ್ ಅವರ ಡ್ಯುಯಲ್ ಅಲ್ಗಾರಿದಮ್. ಅದು ಸುತ್ತು ಹುಟ್ಟದಂತೆ ಎಚ್ಚರ ವಹಿಸುವ ಅಪ್ಪಟ ಡಿಸ್ಟೆನ್ಸ್ ವೆಕ್ಟರ್. ಯಾವ ರೂಟರಿಗೂ ಅಲ್ಲಿ ನೆಟ್‌ವರ್ಕಿನ ಪೂರ್ತಿ ನಕ್ಷೆ ಇರುವುದಿಲ್ಲ. ಹೈಬ್ರಿಡ್ ಎಂದು ಕಲಿತವರು ಆ ನಕ್ಷೆ ಇದೆಯೆಂದುಕೊಂಡು ದೋಷ ಹುಡುಕಲು ಹೊರಟರೆ ದಿನಗಟ್ಟಲೆ ಅಲೆಯುತ್ತಾರೆ.

ನಮ್ಮ ಕಾಲೇಜುಗಳ ಓದಿನಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಎ, ಬಿ, ಸಿ ಕ್ಲಾಸ್‌ಗಳ ವಿಳಾಸ ಪಾಠ. 1993ರಲ್ಲೇ ಕ್ಲಾಸ್ ಇಲ್ಲದ ವಿಳಾಸ ಪದ್ಧತಿಯಾದ ಸಿಐಡಿಆರ್ ಬಂದು ಆ ಕ್ಲಾಸ್‌ಗಳನ್ನು ಬದಿಗೆ ಸರಿಸಿತು. ಅದಾಗಿ ಮೂರು ದಶಕದ ಮೇಲೂ ವಿಳಾಸ ಯಾವ ಕ್ಲಾಸಿನದು ಎಂದು ಕಂಡುಹಿಡಿಯುವ ಲೆಕ್ಕಕ್ಕೆ ಅಂಕ ಕೊಡುವ ಪಠ್ಯಗಳಿವೆ. ಚರಿತ್ರೆಯಾಗಿ ಕಲಿಸಲಿ, ಬೇಡವೆನ್ನುವುದಿಲ್ಲ. ಇಂದಿನ ವ್ಯವಸ್ಥೆಯಿದು ಎಂಬಂತೆ ಕಲಿಸಿದರೆ, ರೂಟರ್ ತಯಾರಿಸುವ ಕಂಪನಿಗಳ ಬೆಂಗಳೂರಿನ ಕಚೇರಿಗೆ ಕಾಲಿಟ್ಟ ಹುಡುಗಿ ಮೊದಲ ವಾರವೇ ಅದನ್ನೆಲ್ಲ ಕಿತ್ತೊಗೆದು ಹೊಸದಾಗಿ ಕಲಿಯಬೇಕಾಗುತ್ತದೆ. ಅಗ್ಗದ ಭಾರತೀಯ ಆವೃತ್ತಿಗಳಿಂದಾಗಿ ಒಳ್ಳೆಯ ಪುಸ್ತಕಗಳೂ ನಮ್ಮ ಕೈಗೆಟುಕುವಂತಿವೆ. ಪಠ್ಯಕ್ರಮ ಅವುಗಳ ಹೊಸ ಆವೃತ್ತಿಯ ಜೊತೆ ಹೆಜ್ಜೆ ಹಾಕಬೇಕಷ್ಟೆ.

ಅತಿ ಕಠಿಣ ಪರೀಕ್ಷೆ ಬಿಜಿಪಿಯದು. 1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೊವ್ ರೆಕ್ಟರ್ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿದ ಈ ಪ್ರೋಟೋಕಾಲ್ ಇಂದು ಜಗತ್ತಿನ ನೆಟ್‌ವರ್ಕ್‌ಗಳನ್ನೆಲ್ಲ ಬೆಸೆದಿದೆ. ಬಿಜಿಪಿ ಅತಿ ಚಿಕ್ಕ ದಾರಿ ಆರಿಸುತ್ತದೆ ಎಂದು ಬರೆದ ಪುಸ್ತಕವನ್ನು ಅಲ್ಲಿಗೇ ಮುಚ್ಚಬಹುದು. ಅದು ಮೊದಲು ನೋಡುವುದು ಆಯಾ ಸಂಸ್ಥೆ ತನ್ನ ಒಪ್ಪಂದ, ಹಣಕಾಸು ನೋಡಿಕೊಂಡು ಕೊಟ್ಟ ಆದ್ಯತೆಯನ್ನು. ದಾರಿಯ ಉದ್ದದ ಸರದಿ ಆಮೇಲೆ. ಹಲಬಿ ಇದನ್ನು ಚೆನ್ನಾಗಿ ತಿಳಿಸಿದರು. ಪ್ರತಿಯೊಬ್ಬರ ಆದ್ಯತೆಯೂ ತಮ್ಮ ಮಟ್ಟಿಗೆ ಸರಿಯಾಗಿದ್ದು, ಒಟ್ಟಾಗಿ ಎಂದೂ ನೆಲೆ ನಿಲ್ಲದಿರಬಹುದು ಎಂಬುದು ಅವರ ಮೊದಲ ಆವೃತ್ತಿಯ ಹೊತ್ತಿಗೆ ಇನ್ನೂ ಸಂಶೋಧನೆಯ ಮಾತು. ಟಿಮ್ ಗ್ರಿಫಿನ್ ಮತ್ತು ಗಾರ್ಡನ್ ವಿಲ್ಫಾಂಗ್ 1999ರಲ್ಲಿ ಇದನ್ನು ಸಿದ್ಧಾಂತವಾಗಿ ಬಿಡಿಸಿಟ್ಟರು. ದಾರಿ ಕಡಿದ ಮೇಲೆ ಬಿಜಿಪಿ ನೆಲೆಗೊಳ್ಳಲು ನಿಮಿಷಗಟ್ಟಲೆ ಹಿಡಿಯುತ್ತದೆ ಎಂದು 2000ದಲ್ಲಿ ಕ್ರೇಗ್ ಲ್ಯಾಬೊವಿಟ್ಜ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಇವೆರಡೂ ಒಂದು ಮಾತಾಗಿಯಾದರೂ ಬರದ ಬಿಜಿಪಿ ಪುಸ್ತಕ ಇಂದು ಅಪೂರ್ಣ.

ಒಳ್ಳೆಯ ಪುಸ್ತಕವೂ ಕಾಲಕ್ಕೆ ಸಿಕ್ಕಿ ಹಳತಾಗುತ್ತದೆ. ಪದೇ ಪದೇ ಬಿದ್ದೇಳುವ ದಾರಿಗಳನ್ನು ಸ್ವಲ್ಪ ಕಾಲ ದೂರವಿಡುವ 'ರೂಟ್ ಫ್ಲ್ಯಾಪ್ ಡ್ಯಾಂಪಿಂಗ್' 1998ರಲ್ಲಿ ಆರ್‌ಎಫ್‌ಸಿ 2439 ಆಗಿ ಬಂದಾಗ ಸದ್ಗುಣವೆನಿಸಿತ್ತು, ಪುಸ್ತಕಗಳೂ ಅದನ್ನು ಕಲಿಸಿದವು. 2002ರ ಸಂಶೋಧನೆಯಿಂದ, ಒಮ್ಮೆ ಮಾತ್ರ ಅಲುಗಿದ ದಾರಿಯೂ ಇದರಿಂದ ಬಹುಹೊತ್ತು ಮರೆಯಾಗಬಹುದೆಂದು ತಿಳಿಯಿತು. 2006ರಲ್ಲಿ ಯೂರೋಪಿನ ರೈಪ್ ಸಮುದಾಯ ಇದನ್ನು ಬಳಸಬೇಡಿ ಎಂದಿತು. 2014ರ ಆರ್‌ಎಫ್‌ಸಿ 7196 ಅಂಕಿಗಳನ್ನು ತಿದ್ದಿ ಮತ್ತೆ ಎಚ್ಚರದಿಂದ ಒಳಗೆ ಬಿಟ್ಟಿತು. ಹೀಗಾಗಿ ಪುಸ್ತಕದ ವರ್ಷ ನೋಡದೆ ಅದರ ಸಲಹೆ ಪಾಲಿಸುವುದು ಅಪಾಯ. ಪ್ರತಿ ಸಲಹೆಯ ಪಕ್ಕದಲ್ಲಿ ಆರ್‌ಎಫ್‌ಸಿ ಸಂಖ್ಯೆ ಕೊಡುವ ಲೇಖಕರನ್ನು ನಾನು ಹೆಚ್ಚು ಗೌರವಿಸುವುದು ಇದಕ್ಕೇ. ಹಳತಾದಾಗ ಎಲ್ಲಿ ಹಳತಾಯಿತೆಂದು ಓದುಗ ತಾನೇ ಪತ್ತೆ ಮಾಡಬಹುದು.

ಬಿಜಿಪಿ ಕೆಡುವ ಇನ್ನೊಂದು ಬಗೆ ನೋಡಿ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ 208.65.153.0/24 ಎಂಬ ದಾರಿಯನ್ನು ಹೊರಗೂ ಸಾರಿಬಿಟ್ಟಿತು. ಯೂಟ್ಯೂಬ್ ಸಾರುತ್ತಿದ್ದದ್ದು 208.65.152.0/22. ಹೆಚ್ಚು ನಿರ್ದಿಷ್ಟವಾದ ದಾರಿಗೇ ಮಣೆ ಎಂಬ ನಿಯಮದಿಂದ ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗದ ಯೂಟ್ಯೂಬ್ ಸಂಚಾರ ಪಾಕಿಸ್ತಾನದ ಕಡೆ ತಿರುಗಿತು. ಇದನ್ನು ಬರೇ ಸುದ್ದಿಯಾಗಿ ಹೇಳಿದರೆ ಸಾಲದು. ಆಮೇಲೆ ಬಂದ ಆರ್‌ಪಿಕೆಐ ಒಂದು ದಾರಿಯನ್ನು ಸಾರುವ ಹಕ್ಕು ಯಾರಿಗಿದೆ ಎಂಬುದನ್ನಷ್ಟೇ ಪರಿಶೀಲಿಸುತ್ತದೆ. ಅದರ ತಪಾಸಣೆಯಿಂದ, ನಡುವಿನ ದಾರಿಯಲ್ಲಿ ಮೋಸ ನಡೆದರೆ ಗೊತ್ತಾಗುವುದಿಲ್ಲ. ಈ ಮಿತಿಯನ್ನು ಸ್ಪಷ್ಟವಾಗಿ ಬರೆದಿದೆಯೇ ಎಂಬುದು ಹೊಸ ಬಿಜಿಪಿ ಪುಸ್ತಕಗಳಿಗೆ ನಾನು ಒಡ್ಡುವ ಪ್ರಶ್ನೆ.

ಈಗ ಓದುಗನ ಕೈಯಲ್ಲಿ ಹಿಂದೆಂದೂ ಇಲ್ಲದ ಬಲವಿದೆ. ಎಫ್‌ಆರ್‌ಆರ್‌ನಂಥ ಮುಕ್ತ ತಂತ್ರಾಂಶ ಹಾಕಿಕೊಂಡರೆ ಲ್ಯಾಪ್‌ಟಾಪಿನಲ್ಲೇ ಹತ್ತಾರು ರೂಟರ್‌ಗಳನ್ನು ಓಡಿಸಬಹುದು. ಓರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಜಗತ್ತಿನ ಬಿಜಿಪಿ ದಾರಿಗಳ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಪೀಟರ್‌ಸನ್ ಮತ್ತು ಡೇವಿ ಅವರ ಪಠ್ಯಪುಸ್ತಕ ಈಗ ಮುಕ್ತ ಪರವಾನಗಿಯಲ್ಲಿದೆ, ತಪ್ಪು ಕಂಡವರು ತಿದ್ದುಪಡಿ ಕಳಿಸಬಹುದು. ಡೇಟಾ ಸೆಂಟರ್‌ಗಳ ಒಳಗೂ ಬಿಜಿಪಿ ಓಡಿಸುವ ಕ್ರಮ 2016ರ ಆರ್‌ಎಫ್‌ಸಿ 7938ರಿಂದ ಮನ್ನಣೆ ಪಡೆದ ಮೇಲೆ ಆ ಕುರಿತ ಬರಹಗಳೂ ಬೆಳೆಯುತ್ತಿವೆ.

ಯಾರಾದರೂ ಹೊಸದಾಗಿ ಕಲಿಯುತ್ತೇನೆಂದು ಬಂದರೆ ಪರ್ಲ್‌ಮನ್ ಅವರ ಎರಡನೇ ಆವೃತ್ತಿಯನ್ನು ಮೊದಲು ಕೊಡುತ್ತೇನೆ. ಜೊತೆಗೇ ಡಾಯ್ಲ್ ಅವರ ಮೊದಲ ಸಂಪುಟದ 2005ರ ಆವೃತ್ತಿ, ಅದರ ಅಭ್ಯಾಸಗಳಲ್ಲಿ ಆದಷ್ಟನ್ನು ಎಫ್‌ಆರ್‌ಆರ್‌ನಲ್ಲಿ ಮಾಡಿ ನೋಡಲಿ. ಬಿಜಿಪಿಗೆ ಹಲಬಿ ಮತ್ತು ಮ್ಯಾಕ್‌ಫರ್ಸನ್ ಅವರ 2000ದ ಆವೃತ್ತಿ ಈಗಲೂ ಸಾಕು. ಡ್ಯಾಂಪಿಂಗ್ ಬಂದಲ್ಲಿ ಆರ್‌ಎಫ್‌ಸಿ 7196 ಪಕ್ಕದಲ್ಲಿರಲಿ, ಉಳಿದೆಡೆ ಬಿಜಿಪಿಯನ್ನೇ ವಿವರಿಸುವ 2006ರ ಆರ್‌ಎಫ್‌ಸಿ 4271. ಪ್ಯಾಕೆಟ್ ಬಂದ ಕ್ಷಣದಲ್ಲಿ ರೂಟರ್ ಅಷ್ಟು ಬೇಗ ದಾರಿ ಹುಡುಕುವುದು ಹೇಗೆಂಬ ಕುತೂಹಲ ಹುಟ್ಟಿದರೆ ಜಾರ್ಜ್ ವರ್ಗೀಸ್ ಅವರ 'ನೆಟ್‌ವರ್ಕ್ ಅಲ್ಗಾರಿದಮಿಕ್ಸ್' ಇದೆ, 2022ರಲ್ಲಿ ಅದರ ಎರಡನೇ ಆವೃತ್ತಿಯೂ ಬಂದಿದೆ.