ಮಾಳದ ಮೇಲಿನ ಗೋಣಿಚೀಲ

ರೇಸಿಗೆ ಕಟ್ಟಿದ ಬೈಕು ಕೊಳ್ಳಲು ಬಂದವನಿಗೆ ಕಸುಬು ಗೊತ್ತೋ ಇಲ್ಲವೋ ಎಂದು ತಿಳಿಯಲು ನನಗೆ ಅವನ ಮೊದಲ ಪ್ರಶ್ನೆಯೊಂದೇ ಸಾಕು. ಗೊತ್ತಿಲ್ಲದವನು, "ಎಷ್ಟು ಸ್ಪೀಡ್ ಹೋಗ್ತದೆ ಅಂಕಲ್?" ಎನ್ನುತ್ತಾನೆ. ಗೊತ್ತಿದ್ದವನು ಬೈಕಿನ ಕಡೆ ತಿರುಗಿಯೂ ನೋಡದೆ, "ಬಿಚ್ಚಿದ ಸಾಮಾನು ಎಲ್ಲಿದೆ?" ಎಂದು ಕೇಳುತ್ತಾನೆ.

ಮಲಾಡ್ ಪಶ್ಚಿಮದಲ್ಲಿ ಮಾರ್ವೆ ರೋಡಿನಿಂದ ಒಳಗೆ ತಿರುಗುವ ಗಲ್ಲಿಯಲ್ಲಿ ನನ್ನ ಗ್ಯಾರೇಜು. ಹತ್ತಡಿ ಅಗಲ, ಹದಿನೆಂಟಡಿ ಉದ್ದ. ನೆತ್ತಿಯ ಮೇಲೆ ಹಲಗೆ ಹಾಕಿದ ಮಾಳ. ಆ ಮಾಳದ ಮೇಲೆ ಹನ್ನೆರಡು ವರ್ಷದಿಂದ ಒಂದು ಗೋಣಿಚೀಲ ಕೂತಿತ್ತು. ಕೆಳಗೆ ನಿಂತಿದ್ದುದು ಮಗನ ಯಮಹಾ ಆರ್15. 2012ರಲ್ಲಿ ಕೊಂಡದ್ದು, ಎರಡನೇ ಆವೃತ್ತಿ, 149 ಸಿಸಿ, ಹದಿನೇಳು ಕುದುರೆಯ ಎಂಜಿನ್ನು. ಆಗ ನಮ್ಮ ಪಾಸಿಂಗ್, ಅಂದರೆ ಗಾಡಿಯ ನೋಂದಣಿ, ಅಂಧೇರಿಯಲ್ಲಿ, ಎಂಎಚ್ 02. ಈಗ ಬೋರಿವಲಿಯವರು ಎಂಎಚ್ 47 ಕೊಡುತ್ತಾರೆ. ಕೊಂಡ ಮರುವರ್ಷವೇ ಅದನ್ನು ಟ್ರ್ಯಾಕಿಗೆ ಸಜ್ಜು ಮಾಡಿದೆವು. ಹೆಡ್‌ಲೈಟು, ಕನ್ನಡಿ, ಇಂಡಿಕೇಟರು, ಸೈಡ್ ಸ್ಟ್ಯಾಂಡು, ಸೀರೆ ಗಾರ್ಡು ಎಲ್ಲ ಬಿಚ್ಚಿ ಚೀಲಕ್ಕೆ. ಮಗ ಈಗ ಕೆನಡಾದಲ್ಲಿದ್ದಾನೆ. "ಮಾರಿಬಿಡು ಅಪ್ಪ" ಎಂದು ಫೋನಿನಲ್ಲಿ ಹೇಳಿ ಮುಗಿಸಿದ. ಮಾರುವುದು ಅಷ್ಟು ಸುಲಭವಾಗಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ.

ನಾನು ಬೈಂದೂರಿನ ಕಡೆಯವನು. 1979ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಮಲಾಡ್ ಸ್ಟೇಷನ್ ಹತ್ತಿರದ ಹೋಟೆಲಿಗೆ ಬಂದೆ. ಟೇಬಲ್ ಒರೆಸುವ ಕೆಲಸ, ರಾತ್ರಿ ಶಾಲೆ. ಎರಡು ವರ್ಷಕ್ಕೆ ಪಕ್ಕದ ಗ್ಯಾರೇಜಿನ ಉಸ್ತಾದರು ನನ್ನನ್ನು ಎಳೆದುಕೊಂಡರು. ಆ ಕಾಲದಲ್ಲಿ ಗಾಡಿ ಮಾರಲು ಜಾಹೀರಾತು ಬೇಡ. ಗಲ್ಲಾದಲ್ಲಿ ಕೂತ ಶೆಟ್ಟರ ಕಿವಿಗೆ ಒಂದು ಮಾತು ಹಾಕಿದರೆ ಸಂಜೆಯೊಳಗೆ ಗೋರೆಗಾಂವ್‌ನಿಂದ ಬೋರಿವಲಿಯವರೆಗಿನ ಎಲ್ಲ ಉಡುಪಿ ಹೋಟೆಲುಗಳಿಗೂ ಸುದ್ದಿ ತಲುಪುತ್ತಿತ್ತು.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಆಗ ಹಳೇ ಗಾಡಿ ಮಾರಿದರೆ ಲಾಭ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಓಡಿಸಿ ಸವೆದ ಸ್ಕೂಟರಿಗೆ ಶೋರೂಮಿನ ದರಕ್ಕಿಂತ ಮೇಲೆ ಹಣ ಕೊಡುವವರಿದ್ದರು. ಮೋಟರ್‌ಸೈಕಲ್ ಎಂದರೆ ಮೂರೇ ಮನೆತನ: ಮದ್ರಾಸಿನ ಎನ್‌ಫೀಲ್ಡ್, ಫರೀದಾಬಾದಿನ ರಾಜದೂತ್, ನಮ್ಮ ಮೈಸೂರಿನ ಜಾವಾ. ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಮತ್ತು ಅವರ ಪಾಲುದಾರರು ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬಿದ್ದವು. 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. ಜಾವಾಕ್ಕೆ ಕಿಕ್ಕರೂ ಗೇರೂ ಒಂದೇ ಸರಳು. ಉಸ್ತಾದರು ನನಗೆ ಮೊದಲು ಕಲಿಸಿದ್ದು ಅದನ್ನು. "ಇದು ಬಂದರೆ ಹೊಟ್ಟೆಗೆ ತೊಂದರೆಯಿಲ್ಲ" ಎಂದಿದ್ದರು.

ರೇಸಿಗೆಂದೇ ಹೊರದೇಶದ ಬೈಕು ತರಿಸುವುದು ನಮ್ಮಂಥವರ ಕನಸಿಗೂ ಬಾರದ ಮಾತು. ಇದ್ದ ಗಾಡಿಯನ್ನೇ ಅರದಿಂದ ಉಜ್ಜಿ ಉಜ್ಜಿ ರೇಸಿನದು ಮಾಡಬೇಕು. ಓಡಿಸುವ ಜಾಗವೂ ಎರವಲಿನದು: ವಿಮಾನದ ರನ್‌ವೇ. 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತಂದಿಳಿದ ನಮ್ಮ ಜುಹೂ ನೆಲದ ಮೇಲೂ ಒಂದು ಕಾಲಕ್ಕೆ ರೇಸುಗಳು ನಡೆದವು. ಆದರೆ ದೊಡ್ಡ ಜಾತ್ರೆ ಶೋಳಾವರಂನಲ್ಲಿ. ಮದ್ರಾಸಿನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ರನ್‌ವೇ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ರೇಸು ನಡೆಸುತ್ತಿದ್ದರು. ಉಸ್ತಾದರ ಜೊತೆ ನಾನೂ ಒಂದೆರಡು ಸಲ ಹೋದೆ, ಸ್ಪ್ಯಾನರ್ ಚೀಲ ಹೊರಲು. ದಾದರ್‌ನಲ್ಲಿ ಬೈಕಿನ ಪೆಟ್ರೋಲು ಕೊನೆಯ ಹನಿಯವರೆಗೂ ಬಸಿದು, ಗೋಣಿತಾಟು ಸುತ್ತಿ ಹೊಲಿದು, ಪಾರ್ಸೆಲ್ ಡಬ್ಬಿಗೆ ಹಾಕಿಸಿ, ನಾವು ಜನರಲ್ ಡಬ್ಬಿಯಲ್ಲಿ. ಅಲ್ಲಿ ಇಳಿದರೆ ಬಿಸಿಲು, ಧೂಳು, ಸುಟ್ಟ ಹರಳೆಣ್ಣೆಯ ವಾಸನೆ. ಟೂ-ಸ್ಟ್ರೋಕ್ ರೇಸಿನವರು ಪೆಟ್ರೋಲಿಗೆ ಹರಳೆಣ್ಣೆ ಮೂಲದ ಆಯಿಲು ಬೆರೆಸುತ್ತಿದ್ದರು. ಇವತ್ತಿಗೂ ಯಾರಾದರೂ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಪಕ್ಕದಲ್ಲಿ ಕೂತರೆ ನನಗೆ ಶೋಳಾವರಂ ನೆನಪಾಗುತ್ತದೆ. ಹೆಂಡತಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಮಾರಾಟದ ಕಥೆ ಅಲ್ಲೇ ಶುರುವಾಗುವುದು. ಕೊನೆಯ ರೇಸು ಮುಗಿದ ಮೇಲೆ ಬೈಕನ್ನು ಮತ್ತೆ ಮುಂಬಯಿಗೆ ಹೊರಬೇಕಲ್ಲ, ಆ ಪಾರ್ಸೆಲ್ ಖರ್ಚಿನ ಹೆದರಿಕೆಗೆ ಎಷ್ಟೋ ಗಾಡಿಗಳು ನಿಂತಲ್ಲೇ ಕೈ ಬದಲಾಯಿಸುತ್ತಿದ್ದವು. ಉಸ್ತಾದರು ಮಾರುವುದನ್ನು ನೋಡಿ ನನಗೆ ದಿಗಿಲಾಗಿತ್ತು. ಊರಿನ ಮಾರಾಟದಲ್ಲಿ ನಾನು ಕೇಳಿದ ಮಾತುಗಳೇ ಬೇರೆ: "ಡಾಕ್ಟ್ರು ಓಡಿಸಿದ ಗಾಡಿ", "ಎಂಜಿನ್ ಬಿಚ್ಚೇ ಇಲ್ಲ", "ಆಫೀಸಿಂದ ಮನೆ, ಮನೆಯಿಂದ ಆಫೀಸು". ಇಲ್ಲಿ ಉಸ್ತಾದರು ಕೊಳ್ಳುವವನನ್ನು ಕೂರಿಸಿಕೊಂಡು ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದರು. ಎಕ್ಸಾಸ್ಟ್ ಪೋರ್ಟನ್ನು ಇಷ್ಟು ಎತ್ತರಿಸಿದ್ದೇನೆ, ಹೆಡ್ಡನ್ನು ಲೇತಿಗೆ ಕೊಟ್ಟು ಇಷ್ಟು ಇಳಿಸಿದ್ದೇನೆ, ಎರಡು ಸಲ ಸೀಜ್ ಆಗಿದೆ, ಮೂರನೇ ಪಿಸ್ಟನ್ ಇದು. ಪೋರ್ಟಿನ ಅಳತೆಗೆ ಅವರು ಪೋಸ್ಟ್‌ಕಾರ್ಡು ಕತ್ತರಿಸಿ ಅಚ್ಚು ಮಾಡಿ ಇಟ್ಟುಕೊಂಡಿದ್ದರು. ಬೈಕಿನ ಜೊತೆ ಆ ಕಾರ್ಡನ್ನೂ ಕೊಟ್ಟರು. ಎಂಜಿನ್ ಬಿಚ್ಚೇ ಇಲ್ಲ ಎಂದರೆ ರೇಸಿನವನು ಎದ್ದು ಹೋಗುತ್ತಾನೆ. ಬಿಚ್ಚಿದ್ದು ಯಾವಾಗ, ಯಾರ ಕೈ, ಒಳಗೆ ಏನು ಕಂಡಿತು, ಅದಕ್ಕೆ ಅವನು ಹಣ ಕೊಡುವುದು.

ಕೊಳ್ಳುವವನೂ ಸುಮ್ಮನೆ ನಂಬುತ್ತಿರಲಿಲ್ಲ. ಬೈಕನ್ನು ಒಂದು ಸುತ್ತು ಪೂರ್ತಿ ಎಳೆದು, ಕ್ಲಚ್ ಹಿಡಿದು ತಕ್ಷಣ ಎಂಜಿನ್ ನಿಲ್ಲಿಸಿ, ಬಿಸಿ ಇರುವಾಗಲೇ ಪ್ಲಗ್ ಬಿಚ್ಚುತ್ತಿದ್ದ. ಪ್ಲಗ್ಗಿನ ಪಿಂಗಾಣಿ ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಪಿಸ್ಟನ್ ಯಾವಾಗ ಬೇಕಾದರೂ ಕರಗೀತು. ಕಪ್ಪಾಗಿ ಒದ್ದೆಯಿದ್ದರೆ ಹೆಚ್ಚು. "ಬನ್ಸಿನ ಬಣ್ಣ ಇರಬೇಕು ನೋಡು," ಎಂದು ಉಸ್ತಾದರು ನನಗೆ ಹೋಟೆಲಿನ ಭಾಷೆಯಲ್ಲಿ ತಿಳಿಸಿದ್ದರು. ಬಾಣಲೆಯಿಂದ ಆಗ ತಾನೆ ಎತ್ತಿದ ಮಂಗಳೂರು ಬನ್ಸು. ಅದಕ್ಕಿಂತ ಒಳ್ಳೆಯ ಅಳತೆ ಈ ನಲವತ್ತು ವರ್ಷದಲ್ಲಿ ನನಗೆ ಸಿಕ್ಕಿಲ್ಲ.

1983ರಲ್ಲಿ ರಾಜದೂತ್ 350 ಬಂತು. ಜಪಾನಿನ ಯಮಹಾ ಆರ್‌ಡಿ350ನ್ನು ಎಸ್ಕಾರ್ಟ್ಸ್‌ನವರು ಇಲ್ಲಿ ಕಟ್ಟಿದ್ದು: 347 ಸಿಸಿ, ಎರಡು ಸಿಲಿಂಡರು, ಆರು ಗೇರು. ಜಪಾನಿನದಕ್ಕೆ ಮುಂದೆ ಡಿಸ್ಕ್ ಬ್ರೇಕಿತ್ತು, ನಮ್ಮದಕ್ಕೆ ಡ್ರಮ್ಮು. ಓಟಕ್ಕೆ ಕೊರತೆಯಿಲ್ಲ, ನಿಲ್ಲುವುದಕ್ಕೆ ದೇವರು. ಲೀಟರಿಗೆ ಸಿಗುವ ಕಿಲೋಮೀಟರು ಕೇಳಿ ಸಂಸಾರಸ್ಥರು ಕೈ ಮುಗಿದರು. ಅದೇ ಹೊತ್ತಿಗೆ ಜಪಾನಿನ ನೂರು ಸಿಸಿಗಳು ಸಾಲಾಗಿ ಬಂದವು: 1984ರಲ್ಲಿ ಇಂಡ್-ಸುಜುಕಿ, ಮರುವರ್ಷ ಹೀರೋ ಹೋಂಡಾ, ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್100. ಹೊಸ ಗಾಡಿ ಕೈಗೆ ಸಿಗತೊಡಗಿದ್ದೇ ತಡ ಹಳೇ ಗಾಡಿಯ ಮೆರವಣಿಗೆ ಮುಗಿಯಿತು. ರಾಜದೂತ್ 350ಯ ಬೆಲೆಯಂತೂ ಬಾವಿಗೆ ಬಿತ್ತು. ತೊಂಬತ್ತರ ಸುಮಾರಿಗೆ ನನ್ನ ಕಣ್ಣೆದುರೇ ಅವು ಕುರ್ಲಾದ ಗುಜರಿಗೆ ಹೋಗಿವೆ. ಆ ಬಿದ್ದ ಬೆಲೆಯಿಂದಲೇ ಬಡ ರೇಸುಗಾರರಿಗೆ ಎರಡು ಸಿಲಿಂಡರಿನ ಭಾಗ್ಯ ಬಂದದ್ದು. ಕೊಂಡರು, ಸೈಲೆನ್ಸರ್ ಬಿಸಾಡಿದರು, ಚಾಸಿ ಕೊಯ್ದರು, ಸೀಟು ಕತ್ತರಿಸಿದರು. ನಾನೂ ಕೊಯ್ದಿದ್ದೇನೆ.

ಈಗ ಅದೇ ಗಾಡಿ ಲಕ್ಷಗಳಿಗೆ ಮಾತಾಡುತ್ತದೆ. ಆದರೆ ಲಕ್ಷ ಕೊಡುವವನಿಗೆ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಬೇಕು: ಅದೇ ಸೈಲೆನ್ಸರ್, ಅದೇ ಮಡ್‌ಗಾರ್ಡ್, ಅದೇ ಟ್ಯಾಂಕಿನ ಬ್ಯಾಡ್ಜು. ನಾವು ಗುಜರಿಗೆ ಎಸೆದದ್ದು ಸೋವಿ, ಉಳಿಸಿಕೊಂಡದ್ದು ದುಬಾರಿ ಎಂದುಕೊಂಡಿದ್ದೆವು. ಲೆಕ್ಕ ತಿರುಗಾಮುರುಗಾ ಆಯಿತು. ಮಗನ ಆರ್15 ಬಿಚ್ಚುವ ದಿನ ನಾನು ಮೊದಲು ಗೋಣಿಚೀಲ ತಂದಿಟ್ಟದ್ದು ಇದಕ್ಕೇ.

ಈ ನಡುವೆ ರೇಸಿನವರಿಗೆ ಸ್ವಂತ ಮನೆಯಾಯಿತು. 1990ರಲ್ಲಿ ಶ್ರೀಪೆರಂಬದೂರು ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕು, ಆಮೇಲೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಮುಂಬಯಿಗೆ ಮಾತ್ರ ಇಂದಿಗೂ ಏನಿಲ್ಲ. ಇಲ್ಲಿಯ ಹುಡುಗರಿಗೆ ಬಾಂದ್ರಾ ರಿಕ್ಲಮೇಶನ್, ಹೈವೇ, ಇಲ್ಲವೇ ಬೆಳಗಿನ ಜಾವದ ಆಕ್ಸಾ ರಸ್ತೆ. ಅಂಥವರು ಗಾಡಿ ಕಟ್ಟಿಸಲು ಬಂದರೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ. ಟ್ರ್ಯಾಕಿನಲ್ಲಿ ಬಿದ್ದವನನ್ನು ಎತ್ತಲು ಆಂಬುಲೆನ್ಸು ಕಾದಿರುತ್ತದೆ. ಹೈವೇಯಲ್ಲಿ ಹಿಂದಿನಿಂದ ಬರುವುದು ಟ್ಯಾಂಕರು. ನಮ್ಮ ಉಡುಪಿಯ ಕೆ.ಪಿ. ಅರವಿಂದ್ ಡಕಾರ್ ರ‍್ಯಾಲಿಯವರೆಗೆ ಹೋದ ಸುದ್ದಿ ಬಂದಾಗ ಗಲ್ಲಿಯಲ್ಲಿ ಚಹಾ ಹಂಚಿದವನು ನಾನೇ, ಆದರೂ ಈ ಮಾತಿನಲ್ಲಿ ಬದಲಿಲ್ಲ.

ಕಾಗದದ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಹೇಳಿದ್ದಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬೇಡ ಎನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿತು. ಹೆಡ್‌ಲೈಟಿಲ್ಲದ ಬೈಕನ್ನು ಮಲಾಡಿನ ರಸ್ತೆಯಲ್ಲಿ ಟೆಸ್ಟ್ ರೈಡಿಗೆ ಕೊಡುವಂತೆಯೇ ಇಲ್ಲ. 29, 30ನೇ ನಮೂನೆಗೆ ಸಹಿ ಹಾಕಿಸಿ ಹೆಸರು ಬದಲಾಗುವವರೆಗೆ ಮಾರಿದವನೇ ಮಾಲೀಕ. ಒಮ್ಮೆ ಪರಿಚಯದವನೆಂದು ಕೈಮಾತಿನ ಮೇಲೆ ಆರ್‌ಎಕ್ಸ್ ಕೊಟ್ಟೆ. ಎರಡು ವರ್ಷದ ಮೇಲೆ ಯಾವುದೋ ಊರಿನ ಅಪಘಾತದ ನೋಟಿಸು ನನ್ನ ಮನೆಗೆ ಬಂತು. ಅವತ್ತಿನಿಂದ ಸಹಿ ಮೊದಲು, ಚಹಾ ಆಮೇಲೆ.

ಆರ್15 ನೋಡಲು ಹನ್ನೊಂದು ಜನ ಬಂದರು. ಹತ್ತು ಜನ ಸ್ಪೀಡು ಕೇಳಿದರು. ಮೀಟರಿನಲ್ಲಿ ಒಂಬತ್ತು ಸಾವಿರ ಕಿಲೋಮೀಟರ್ ಕಂಡು ಒಬ್ಬ ಖುಷಿಪಟ್ಟ. ಆ ಒಂಬತ್ತು ಸಾವಿರದಲ್ಲಿ ಆರು ಸಾವಿರ ಟ್ರ್ಯಾಕಿನ ಮೇಲೆ, ಎಂಜಿನ್ನಿಗೆ ಉಸಿರಾಡಲು ಬಿಡದೆ ಓಡಿಸಿದ್ದು ಎಂದು ಹೇಳಿದ ಮೇಲೆ ಆಸಾಮಿ ಫೋನೇ ಎತ್ತಲಿಲ್ಲ. ಹನ್ನೊಂದನೆಯವನು ಮೈಂಡ್‌ಸ್ಪೇಸಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿ ಹುಡುಗ. ಒಳಗೆ ಬಂದವನೇ ಮಂಡಿಯೂರಿ ಎಂಜಿನ್ ಕೆಳಗೆ ಬೆರಳು ಹಾಕಿದ. ಆಯಿಲ್ ಬಸಿಯುವ ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ಎರಡೆಳೆ ಉಕ್ಕಿನ ತಂತಿ ಹೊಸೆದು ಪಕ್ಕದ ಬೋಲ್ಟಿಗೆ ಬಿಗಿದಿದ್ದೆ. ಅದುರಿಗೆ ಬೋಲ್ಟು ಸಡಿಲಾಗಿ ಒಂದು ಹಿಡಿ ಆಯಿಲು ಟ್ರ್ಯಾಕಿಗೆ ಚೆಲ್ಲಿದರೆ ಹಿಂದೆ ಬರುವ ಐದು ಜನ ನೆಲಕ್ಕೆ. ತಂತಿ ಯಾವಾಗಲೂ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುತ್ತಿರಬೇಕು. ಹುಡುಗ ತಂತಿಯ ಹೊಸೆತವನ್ನು ಉಗುರಿನಿಂದ ತಡವಿದ. "ನೀವ ಕಟ್ಟೀರೇನ್ರಿ ಕಾಕಾ?"

"ಹೌದು ಮಾರಾಯ. ರೇಡಿಯೇಟರಿನಲ್ಲೂ ಬರೀ ನೀರೇ ಇದೆ, ಕೂಲಂಟ್ ಇಲ್ಲ. ಅದೂ ಚೆಲ್ಲಿದರೆ ಜಾರ್ತದೆ. ಎಡಕ್ಕೆ ಎರಡು ಸಲ ಬಿದ್ದಿದೆ, ಫುಟ್‌ರೆಸ್ಟ್ ಹೊಸತು."

"ಬಿಚ್ಚಿದ ಸಾಮಾನು ಅದಾವೇನ್ರಿ?"

ಏಣಿ ಹಾಕಿ ಚೀಲ ಇಳಿಸಿದೆ. ನೆಲದ ಮೇಲೆ ಹರಡಿದೆವು. ಹೆಡ್‌ಲೈಟನ್ನು ಹಳೇ ಕರ್ನಾಟಕ ಮಲ್ಲ ಪತ್ರಿಕೆಯಲ್ಲಿ ಸುತ್ತಿದ್ದೆ. ಹುಡುಗ ಮೊದಲು ಪತ್ರಿಕೆ ಬಿಡಿಸಿ ಓದಿದ, ಆಮೇಲೆ ದೀಪ ನೋಡಿದ. ಬೋಲ್ಟುಗಳು ನಶ್ಯದ ಡಬ್ಬಿಗಳಲ್ಲಿ, ಡಬ್ಬಿಯ ಮೇಲೆ ಮಗನ ಕೈಬರಹ: "ಮುಂದೆ ಎಡ", "ಸೀಟು", "ಕನ್ನಡಿ". ಅದನ್ನು ನಾನು ಮರೆತೇಬಿಟ್ಟಿದ್ದೆ. ಹುಡುಗ ಒಂದೊಂದನ್ನೂ ಫೋನಿನಲ್ಲಿ ಬರೆದುಕೊಂಡ. 2027ಕ್ಕೆ ಗಾಡಿಗೆ ಹದಿನೈದು ವರ್ಷ ತುಂಬುತ್ತದೆ, ಆಮೇಲೆ ಮತ್ತೆ ಪಾಸಿಂಗ್ ಮಾಡಿಸಬೇಕು ಎಂದು ಚೌಕಾಶಿ ಮಾಡಿದ. ನ್ಯಾಯವೇ. ಐದು ಸಾವಿರ ಬಿಟ್ಟೆ. ಡಬ್ಬಿಗಳಲ್ಲಿ ಒಂದನ್ನು ಬಿಡಲು ಮನಸ್ಸು ಬರಲಿಲ್ಲ. ಅದರ ಬೋಲ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಟ್ಟೆ.

ಭಾನುವಾರ ಟೆಂಪೋ ತಂದು ಬೈಕೂ ಚೀಲವೂ ಹೇರಿಕೊಂಡು ಹೋದ. ಸಂಜೆ ಮಾಳ ಗುಡಿಸುವಾಗ ಹಲಗೆಯ ಸಂದಿಯಲ್ಲಿ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು ಸಿಕ್ಕಿತು. ಫೋನ್ ಮಾಡಿ ಹೇಳಿದೆ, ಹೊಸದು ಕೊಂಡರೆ ಬಹಳವೇನಿಲ್ಲ, ಬಿಟ್ಟುಬಿಡು.

"ಇರಲಿ ತಡೀರಿ ಕಾಕಾ, ನಾ ಬಂದ ತಗೊಂಡ ಹೋಗತೇನಿ," ಎಂದ. ರಾತ್ರಿ ಎಂಟಕ್ಕೆ ಮಳೆಯಲ್ಲಿ ನೆನೆದುಕೊಂಡು ಬಂದ.