ಮುದುಕ ಕಂಪ್ಯೂಟರಿನ ಸಾವಿರ ಬಣ್ಣ

ಅಕ್ಕಾರ, ತಂಗೇರ, ರಂಗೋಲಿ ಹಾಕೂ ನಮಗ ಬಣ್ಣದ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಬಿಳಿ ಚುಕ್ಕಿ ನಡುವ ಕೆಂಪು ಚುಕ್ಕಿ ಒತ್ತೊತ್ತಿ ಇಟ್ರ ದೂರದಿಂದ ಗುಲಾಬಿನ ಕಾಣತೈತಿ. ಇದ ಯುಕ್ತಿನ ಒಂದು ಮುದುಕ ಕಂಪ್ಯೂಟರಿನ ಮ್ಯಾಲೆ ಮಾಡಿ ತೋರಿಸಿದವರ ಕಥಿ ಇವತ್ತು ಬರೀತೀನಿ.

1981ರ ಆಗಸ್ಟ್‌ನಾಗ ಅಮೆರಿಕಾದ ಐಬಿಎಂ ಕಂಪನಿ ತನ್ನ ಮೊದಲನೇ ಪರ್ಸನಲ್ ಕಂಪ್ಯೂಟರ್ ಹೊರಗ ತಂದಿತು. ಅದರ ಚಿಪ್ಪು ಇಂಟೆಲ್ 8088, ವೇಗ 4.77 ಮೆಗಾಹರ್ಟ್ಸ್. ಈಗ ನಮ್ಮ ಕೈಯಾಗಿನ ಸಾದಾ ಮೊಬೈಲೂ ಅದರ ನೂರಾರು ಪಟ್ಟು ಓಡತೈತಿ. ಚಿತ್ರ ತೋರಸ್ಲಿಕ್ಕೆ ಸಿಜಿಎ ಅನ್ನೋ ಕಾರ್ಡು, ಅದರ ಮೆಮೊರಿ 16 ಕೆಬಿ ಅಷ್ಟ. ಚಿತ್ರದಾಗ ಒಮ್ಮೆಗೆ ನಾಕ ಬಣ್ಣ, ಅದೂ ಕಣ್ಣಿಗೆ ಹೊಡಿಯೂವಂಥವು. ಆಫೀಸಿನ ಲೆಕ್ಕಕ್ಕ ಅಷ್ಟು ಸಾಕಾಗಿತ್ತು.

ಯುರೋಪಿನಾಗ 'ಡೆಮೊ' ಮಾಡೋ ಮಂದಿ ಅದಾರ. ಡೆಮೊ ಅಂದ್ರ ಆಟ ಅಲ್ಲ, ಸಿನಿಮಾನೂ ಅಲ್ಲ. ಕಂಪ್ಯೂಟರ್ ನಿಂತ ಕಾಲಮ್ಯಾಲೆ ಲೆಕ್ಕ ಹಾಕಿ ಬಿಡಿಸೂ ಚಿತ್ರ, ಜೋಡಿ ಸಂಗೀತ. ಫಿನ್ಲೆಂಡ್ ದೇಶ 2020ರಾಗ ಇದನ್ನ ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಕಾರಹುಣ್ಣಿವಿ ಇದ್ದಂಗ ಅವರದೂ ಒಂದು ಹಬ್ಬ ಅನ್ನರಿ. 2015ರಾಗ ಜರ್ಮನಿಯ ಸಾರ್‌ಬ್ರ್ಯೂಕನ್ ಊರಿನ 'ರಿವಿಷನ್' ಮೇಳದಾಗ '8088 ಎಂಪಿಎಚ್' ಅನ್ನೋ ಡೆಮೊ ಹಳೇ ಯಂತ್ರಗಳ ಸ್ಪರ್ಧೆ ಗೆದ್ದಿತು. ಯಂತ್ರ ಅದ ಮುದುಕ ಐಬಿಎಂ. ಪರದೆ ಮ್ಯಾಲೆ 1024 ಬಣ್ಣ!

ಗುಟ್ಟು ಹಿಂಗೈತಿ. ಆ ಕಾರ್ಡಿನ ಒಂದು ಚಿಪ್ಪಿನಾಗ 256 ಅಕ್ಷರ, ಚಿಹ್ನೆಗಳ ಅಚ್ಚು ಇರತಾವ. ಇವರು ಇಡೀ ಅಕ್ಷರ ತೋರಸಲಿಲ್ಲ, ತಲಿಯ ಒಂದೆರಡು ಗೆರಿ ಅಷ್ಟ ತೋರಿಸಿದರು. ಅಕ್ಷರಕ್ಕ 16 ಬಣ್ಣ, ಹಿಂದಿನ ನೆಲಕ್ಕ 16 ಬಣ್ಣ. ಆ ಸಣ್ಣ ಚುಕ್ಕಿಗಳು ಒಂದ ತಂತಿಯಾಗ ಹಾದು ಅಮೆರಿಕಾದ ಹಳೇ ಪದ್ಧತಿ ಟಿವಿಗೆ ಹೋದಾಗ, ಟಿವಿ ಅವನ್ನ ಬಿಡಿಸಿ ನೋಡಲಾರದ ಕಲಿಸಿ ಹೊಸ ಬಣ್ಣ ಮಾಡತೈತಿ. ಹೊಸ ಕಂಪ್ಯೂಟರಿನಾಗ ಹಳೇದರ ವೇಷ ಹಾಕೂ ಸಾಫ್ಟ್‌ವೇರ್ ಇರತಾವ, ಆದ್ರ ಆಗ ಅವುಕ್ಕೂ ಈ ಡೆಮೊ ಸರಿಯಾಗಿ ನಡಸಾಕ ಬರಲಿಲ್ಲ. ಖರೇ ಯಂತ್ರನ ಬೇಕಾತು.

ನಮ್ಮ ಕಡೆ ಟಿವಿಯಾಗ ಇದು ನಡೀತಿದ್ದಿಲ್ಲ ಬಿಡ್ರಿ. 1982ರಾಗ ದೂರದರ್ಶನ ಕಲರ್ ಆದಾಗ ನಾವು ಹಿಡಿದದ್ದು ಪಾಲ್ ಪದ್ಧತಿ, ಅಮೆರಿಕಾದ್ದು ಎನ್‌ಟಿಎಸ್‌ಸಿ.

ನನ್ನ ಮನಸ್ಸು ಸಿಕ್ಕೊಂಡದ್ದು ಮಾತ್ರ ಆ 256 ಅಚ್ಚಿನಾಗ. ಅದರಾಗ ಇಂಗ್ಲಿಷ್ ಐತಿ, ಗ್ರೀಕಿನ ಒಂದಿಷ್ಟು ಅಕ್ಷರ ಅದಾವ, ಇಸ್ಪೀಟಿನ ಚಿಹ್ನೆ ಅದಾವ, ನಗೂ ಮಾರಿನೂ ಐತಿ. ನಮ್ಮ 'ಅ' ಒಂದು ಇಲ್ಲ! ಕನ್ನಡ ಕಾಣಬೇಕಂದ್ರ ಬ್ಯಾರೆ ದಾರಿ ಹುಡುಕಬೇಕಾತು. ಐಐಟಿ ಕಾನಪುರದಾಗ ಶುರುವಾದ ಕೆಲಸನ ಪುಣೆಯ ಸಿ-ಡ್ಯಾಕ್ ಬೆಳೆಸಿ ಜಿಸ್ಟ್ ಕಾರ್ಡ್ ಮಾಡಿತು. ಕೆ.ಪಿ. ರಾವ್ ಅವರು ಕನ್ನಡಕ್ಕ ಒಪ್ಪೂವಂಥ ಕೀಲಿಮಣೆ ಜೋಡಿಸಿಕೊಟ್ರು. 1998ರಾಗ ಶೇಷಾದ್ರಿವಾಸು ಅವರ 'ಬರಹ' ಬಂತು, ಮುಂದ ಕನ್ನಡ ಗಣಕ ಪರಿಷತ್ತಿನ 'ನುಡಿ'. ಯೂನಿಕೋಡ್ ಬಳಕೆಗೆ ಬರೂತನಕ ಒಂದೊಂದು ಸಾಫ್ಟ್‌ವೇರಿಂದು ಒಂದೊಂದು ಸಂಕೇತ. ಒಂದರಾಗ ಬರದದ್ದು ಇನ್ನೊಂದರಾಗ ಗೀಚು.

ಇದು ನಮ್ಮ ಮನಿಗೂ ತಟ್ಟೈತಿ. ನಮ್ಮವ್ವ ಬೀಸುವಾಗ ಹಾಡತಿದ್ದ ಪದಗಳನ್ನ ನಮ್ಮಣ್ಣ ಹಾವೇರಿಯ ಒಂದು ಡಿಟಿಪಿ ಅಂಗಡ್ಯಾಗ ಟೈಪ್ ಮಾಡಿಸಿ ಎರಡು ಫ್ಲಾಪಿಯಾಗ ಇಟ್ಟಿದ್ದ. ಬರದ ಹಾಳಿ ಗೆದ್ದಲ ತಿಂದಾವು. ಅವ್ವನೂ ಇಲ್ಲ, ಆಕಿ ಜೋಡಿ ಬೀಸತಿದ್ದ ಚಿಗವ್ವನೂ ಇಲ್ಲ. ಅಕ್ಕನ ಮಗ ಹುಬ್ಬಳ್ಳಿ ಗುಜರಿಯಿಂದ ಫ್ಲಾಪಿ ಡ್ರೈವ್ ಇದ್ದ ಹಳೇ ಕಂಪ್ಯೂಟರ್ ಹುಡಿಕ್ಕೊಂಡು ಬಂದ. ಮೊದಲನೇ ಫ್ಲಾಪಿ ಓದಿತು, ಬರೇ ಗೀಚು ಬಂತು. ಯಾವ ಗೀಚು ಯಾವ ಅಕ್ಷರ ಅಂತ ನಾನು ನೆನಪಿನಿಂದ ಹಾಡಿ ಹೇಳಿದೆ, ಅವ ಜೋಡಿಸಿದ. ಹದಿನಾಕು ಪದ ಸಿಕ್ಕಾವು. ಎರಡನೇ ಫ್ಲಾಪಿ ಕಿರ್ ಅಂತ ಒದರಿ ನಿಂತಬಿಡತು. ಬ್ಯಾರೆ ಡ್ರೈವ್ ಸಿಗೂತನಕ ಅದನ್ನ ಮುಟ್ಟಬ್ಯಾಡಪ್ಪಾ ಅಂತ ಹೇಳಿ, ಅರಿವ್ಯಾಗ ಸುತ್ತಿ ಟ್ರೆಜರಿ ಒಳಗ ಇಟ್ಟೀನಿ.